ಹೊಂಡದ ದಾರಿಗೆ ನಾನು ಬರೆದ ಷರತ್ತು

ನಾನು ಸಂಶಯದ ಹೆಣ್ಣು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಔಷಧದ ಬಾಟಲಿಯ ಮೇಲಿನ ತಾರೀಖನ್ನು ಎರಡೆರಡು ಸಲ ಓದುತ್ತೇನೆ. ತರಕಾರಿಯವನು ತಕ್ಕಡಿ ಎತ್ತಿದರೆ ನನ್ನ ಕಣ್ಣು ಬದನೆಕಾಯಿಯ ಮೇಲಲ್ಲ, ಅವನ ಕಿರುಬೆರಳಿನ ಮೇಲಿರುತ್ತದೆ. ಯಾರಾದರೂ ಕಾರಣವಿಲ್ಲದೆ ನನ್ನನ್ನು ಹೊಗಳಿದರೆ ಅವತ್ತು ಬಾಗಿಲ ಚಿಲಕವನ್ನು ಇನ್ನೊಮ್ಮೆ ಎಳೆದು ನೋಡುತ್ತೇನೆ. ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ನನಗೆ ‘ಸಿಐಡಿ ಬಾಯಿ’ ಎಂದು ಹೆಸರಿಟ್ಟು ಬಹಳ ವರ್ಷಗಳಾದವು. ನನಗೇನೂ ಬೇಸರವಿಲ್ಲ. ಮನೆಯಲ್ಲಿ ಒಬ್ಬರಾದರೂ ಎಚ್ಚರವಾಗಿರಬೇಕಲ್ಲ.

ಈ ಗುಣ ಹುಟ್ಟಿನಿಂದ ಬಂದದ್ದಲ್ಲ, ಒಂದು ಸರಕಾರಿ ಕಾಗದದಿಂದ ಬಂದದ್ದು. ಜತ್ತ ತಾಲೂಕಿನ ಪೂರ್ವ ಭಾಗದ ಕನ್ನಡ ಸಾಲಿಗಳಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೊಂದು ಬದಲಿಯ ಆದೇಶ ಬಂತು. ಮನೆಗೆ ಹತ್ತಿರದ ಊರು. ಅವ್ವ ಎಲ್ಲರಿಗೂ ಸಕ್ಕರೆ ಹಂಚಿದಳು. ನಾನು ಟ್ರಂಕು ಹೊತ್ತುಕೊಂಡು ಆ ಊರಿನ ಸಾಲಿಗೆ ಹೋದರೆ, ನನ್ನ ಕುರ್ಚಿಯ ಮೇಲೆ ಇನ್ನೊಬ್ಬರು ಬಾಯಾರು, ಅಂದರೆ ಶಿಕ್ಷಕಿ, ಕುಳಿತು ಸೊಪ್ಪು ಸೋಸುತ್ತಿದ್ದರು. ಆದೇಶದ ಕೊನೆಯ ಸಾಲನ್ನು ಹೆಡ್‌ಮಾಸ್ತರರು ಬೆರಳಿಟ್ಟು ತೋರಿಸಿದರು: ಜಾಗ ಖಾಲಿ ಇದ್ದರೆ ಮಾತ್ರ. ಅದನ್ನು ಇಂಗ್ಲಿಷಿನಲ್ಲಿ ‘ಸಬ್ಜೆಕ್ಟ್ ಟು’ ಎಂಬ ಎರಡೇ ಪದಗಳಿಂದ ಶುರುಮಾಡಿದ್ದರು. ಇಂಗ್ಲಿಷ್ ಕಲಿಸುವ ನಾನೇ ಆ ಎರಡು ಪದಗಳನ್ನು ದಾಟಿ ಓದಿರಲಿಲ್ಲ. ಟ್ರಂಕು ಹೊತ್ತುಕೊಂಡು ಮರಳುವಾಗ ಬಸ್ಸಿನಲ್ಲಿ ಅತ್ತೆ. ಅವತ್ತಿನಿಂದ ಯಾವ ಕಾಗದ ಕೈಗೆ ಬಂದರೂ ಮೊದಲು ಆ ಎರಡು ಪದಗಳು ಎಲ್ಲಿ ಅಡಗಿ ಕುಳಿತಿವೆ ಎಂದು ಹುಡುಕುತ್ತೇನೆ.

ಆಮೇಲೆ ಅದನ್ನು ಮಕ್ಕಳಿಗೂ ಊರವರಿಗೂ ಒಂದೇ ರೀತಿಯಲ್ಲಿ ಹೇಳಿಕೊಡುತ್ತ ಬಂದೆ. ಕರಾರಿನಲ್ಲಿ ‘ಸಬ್ಜೆಕ್ಟ್ ಟು’ ಕಂಡರೆ ಅದರ ನಂತರ ಬರುವುದು ಯಜಮಾನ, ಅದಕ್ಕಿಂತ ಮೊದಲು ನಿಂತಿರುವುದು ಆಳು. ಯಜಮಾನ ಬೇಡವೆಂದರೆ ಆಳಿನ ಮಾತು ನಡೆಯುವುದಿಲ್ಲ. ಎಷ್ಟೋ ಜನ ಅದನ್ನು ಕಾಗದಕ್ಕೆ ಒಂದು ತೂಕ ಬರಲೆಂದು ಎಲ್ಲೆಂದರಲ್ಲಿ ಸೇರಿಸುತ್ತಾರೆ, ಯಾರನ್ನು ಯಾರ ಕೈಕೆಳಗೆ ನಿಲ್ಲಿಸಿದೆವು ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಗಡಿನಾಡಾದ ನಮ್ಮ ಕಡೆ ಮನೆಯ ಮಾತು ಕನ್ನಡ, ಊರ ಜಮೀನಿನ ಲೆಕ್ಕ ಬರೆಯುವ ತಲಾಠಿಯ ಕಾಗದ ಮರಾಠಿ, ಕಂಪನಿಯ ಕಾಗದ ಇಂಗ್ಲಿಷ್. ಆದ್ದರಿಂದ ನಿವೃತ್ತಳಾದ ಮೇಲೂ ನನ್ನ ಕಟ್ಟೆಗೆ ಕಾಗದ ಹಿಡಿದು ಬರುವವರು ತಪ್ಪಲಿಲ್ಲ. “ಬಾಯಾರ, ಇದರಾಗ ಏನರ ಮೋಸ ಐತೇನ ನೋಡ್ರಿ” ಅನ್ನುತ್ತಿದ್ದರು. ಮೋಸ ಸಿಕ್ಕರೆ ನನಗೆ ಒಳಗೊಳಗೇ ಸಂತೋಷ.

ಅಸಂಗಿಯ ಆಚೆ ಅಣ್ಣನಿಗೂ ನನಗೂ ಸೇರಿದ ಒಂದು ಮಡ್ಡಿ ಇದೆ. ಮಡ್ಡಿ ಅಂದರೆ ಕಲ್ಲು ತುಂಬಿದ ಎತ್ತರದ ನೆಲ, ಜೋಳ ಕೂಡ ಮನಸ್ಸಿಲ್ಲದೆ ಬೆಳೆಯುವಂಥದ್ದು. ಅದರ ಇಳಿಜಾರಿನ ಕೆಳಗೆ ನಮ್ಮ ಅಜ್ಜ ತೋಡಿಸಿದ ಹೊಂಡ. ಸುತ್ತಲಿನ ಹಳ್ಳವೆಲ್ಲ ಒಣಗಿದ ಮೇಲೂ ಅದರಲ್ಲಿ ನೀರು ನಿಲ್ಲುತ್ತದೆ. ಮಾಡಗ್ಯಾಳದ ಒಂದು ಕುರಿಯವರ ಮನೆತನ ಪ್ರತಿ ಬೇಸಿಗೆಗೆ ಹಿಂಡು ಹೊಡೆದುಕೊಂಡು ಅಲ್ಲಿಗೆ ಬರುತ್ತಿತ್ತು. ಅವರ ಅಜ್ಜ ಬಂದಿದ್ದ, ಅಪ್ಪ ಬಂದಿದ್ದ, ನನ್ನ ವಾರಿಗೆಯವನೇ ಆದ ಈಗಿನವನೂ ಬರುತ್ತಿದ್ದ. ಬಿಳಿ ಮೈಮೇಲೆ ಕಂದು ಮಚ್ಚೆಯ, ಗಿಣಿಯಂತೆ ಬಾಗಿದ ಮೂಗಿನ ಕುರಿಗಳು. ನೀರು ಕುಡಿದ ಹಿಂಡು ಕೆಲವು ದಿನ ನಮ್ಮ ಕೆಳಗಿನ ಹೊಲದಲ್ಲಿ ತಂಗುತ್ತಿತ್ತು, ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಇದಕ್ಕೆ ಕಾಗದವಿರಲಿಲ್ಲ, ಜಮೀನಿನ ದಾಖಲೆಯಾದ ಸಾತ್‌ಬಾರಾ ಉತಾರೆಯಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಇದ್ದದ್ದು ಒಂದು ಪದ್ಧತಿ. ಬಂದ ದಿನ ಅವನು ಹಿಂಡನ್ನು ಹೊಂಡಕ್ಕೆ ಬಿಟ್ಟು ನಮ್ಮ ಮನೆಗೆ ಬರುವನು. ಕೋಲನ್ನು ಬೇವಿನ ಗಿಡಕ್ಕೆ ಆನಿಸಿ ನಿಲ್ಲಿಸಿ, “ಬಂದೀವ್ರಿ” ಅನ್ನುವನು. ಅಷ್ಟೇ. ಬರಬಹುದೇ ಎಂದು ಕೇಳುವುದಿಲ್ಲ, ಬಂದಿದ್ದೇವೆ ಎಂದು ತಿಳಿಸುವುದು. ವೈನಿ ದೊಡ್ಡ ತಂಬಿಗೆಯಲ್ಲಿ ಮಜ್ಜಿಗೆ ತಂದು ಕೊಡುವರು. ಅವ್ವನ ಕಾಲದಲ್ಲಿ ನಾನು ಒಮ್ಮೆ, “ಅಂವ ಯಾಕ ಕೇಳೂದಿಲ್ಲ?” ಎಂದದ್ದಕ್ಕೆ ಅವ್ವ ಬೈದಿದ್ದಳು. “ಕೇಳವ್ರು ಹೊರಗಿನವ್ರು. ಅಂವ ಹೊರಗಿನಂವ ಏನ?” ಆಗ ನನಗೆ ಅದು ಅರ್ಥವಾಯಿತು ಎಂದುಕೊಂಡಿದ್ದೆ.

ಸೋಲಾರ್ ಕಂಪನಿಯವರು ಬಾಡಿಗೆಗೆ ಮಡ್ಡಿಗಳನ್ನು ಹುಡುಕಿಕೊಂಡು ಬಂದದ್ದು ನಾನು ನಿವೃತ್ತಳಾದ ಮೇಲೆ. ಯಾರೂ ಕೇಳದ ಕಲ್ಲುನೆಲಕ್ಕೆ ಒಮ್ಮೆಲೇ ಮಾನ ಬಂತು. ಅಣ್ಣ ಖುಷಿಯಲ್ಲಿದ್ದ. ನಾನು ಬಂದವನ ಬೂಟು ನೋಡುತ್ತಿದ್ದೆ. ಮಡ್ಡಿಯಲ್ಲಿ ಒಂದು ತಾಸು ತಿರುಗಿದರೂ ಧೂಳು ಹತ್ತದ ಬೂಟು. ಮರಾಠಿ ಮಾತಿನವನು, ಆದರೂ ನಮ್ಮೊಡನೆ ಕನ್ನಡವನ್ನೇ ಎಳೆದಾಡಿಕೊಂಡು ಮಾತಾಡುವನು. ನಾನು ಇಂಗ್ಲಿಷ್ ಬಾಯಾರು ಎಂದು ತಿಳಿದಾಗ ಕೈಮುಗಿದ. “ಮ್ಯಾಡಮ್, ನೀವಽ ಓದ್ರಿ, ನೀವಽ ತಿದ್ದ್ರಿ. ನಮಗ ಕಾಳಜಿ ಇಲ್ಲ” ಎಂದ. ಕರಾರನ್ನು ನನ್ನ ಕೈಗೇ ಕೊಟ್ಟುಹೋದ. ಯಾವ ಕಂಪನಿಯವನು ಹೀಗೆ ಮಾಡುತ್ತಾನೆ? ನನಗೆ ಅನ್ನ ಸೇರಲಿಲ್ಲ.

ಮೂರು ದಿನ ಆ ಕಾಗದವನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿದೆ. ಸಿಕ್ಕೇ ಸಿಕ್ಕಿತು. ಮಡ್ಡಿ ದಾಟಿ ಹೊಂಡಕ್ಕೆ ಹೋಗುವ ಕುರಿದಾರಿಯ ಬಗ್ಗೆ ಅಣ್ಣನೇ ಬಾಯಿಂದ ಹೇಳಿ ಸೇರಿಸಿದ್ದ ಒಂದು ಸಾಲಿತ್ತು. ಕಂಪನಿಯ ವಕೀಲ ಅದನ್ನು ಹೀಗೆ ಬರೆದಿದ್ದ: ಕುರಿಯವರು ಹೊಂಡಕ್ಕೆ ಹೋಗುವುದು, ಸಬ್ಜೆಕ್ಟ್ ಟು ಈ ಕರಾರು. ಅಂದರೆ ಕರಾರು ಯಜಮಾನ, ಕುರಿಯವ ಆಳು. ಕಂಪನಿ ನಾಳೆ ಬೇಲಿ ಹಾಕಿಕೊಂಡರೆ ಅವನ ದಾರಿ ಮುಗಿಯಿತು. ಅಣ್ಣನನ್ನು ಕೂಗಿ ಕರೆದೆ. “ನೋಡು, ಹೆಂಗ ಹೊಕ್ಕೊಂಡು ಕುಂತಾವ ನೋಡು” ಎಂದೆ. ಅಣ್ಣನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. “ನೀ ಹೇಳಿದ ಮ್ಯಾಲ ಹೌದ ಇರಬೇಕ ಬಿಡು” ಎಂದ.

ನಾನು ಸಾಲನ್ನು ತಿರುಗಿಸಿ ಬರೆದೆ. ಈ ಕರಾರು, ಸಬ್ಜೆಕ್ಟ್ ಟು ಕುರಿಯವರು ಹೊಂಡಕ್ಕೆ ಹೋಗುವ ಹಕ್ಕು. ಈಗ ಕುರಿಯವ ಯಜಮಾನ, ಕಂಪನಿ ಆಳು. ಬೇಲಿ ಹಾಕಿದರೂ ಅವನಿಗೊಂದು ಗೇಟು ಬಿಡಲೇಬೇಕು. ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕುವಾಗ ಟ್ರಂಕು ಹೊತ್ತುಕೊಂಡು ಅತ್ತ ಹುಡುಗಿಗೆ ನ್ಯಾಯ ಕೊಟ್ಟ ಹಾಗಾಯಿತು.

ಕಂಪನಿಯವನು ಫೋನಿನಲ್ಲಿ ಕೇಳಿಸಿಕೊಂಡು, “ಆಗಲಿ ಮ್ಯಾಡಮ್” ಎಂದುಬಿಟ್ಟ. ಜಗಳವಿಲ್ಲ, ವಾದವಿಲ್ಲ. ಅಷ್ಟು ಸಲೀಸಾಗಿ ಒಪ್ಪಿದ್ದರಿಂದಲೇ ನನಗೆ ಇನ್ನೊಂದು ಹುಳ ಹೊಕ್ಕಿತು. ಕಂಪನಿಗೆ ಈ ಹಕ್ಕು ಕೊಟ್ಟರೆ ನಷ್ಟವಿಲ್ಲ ಅಂದರೆ ನಷ್ಟ ಯಾರಿಗೆ? ನಮಗೇ ಅಲ್ಲವೇ? ಕಾಗದದಲ್ಲಿ ಹಕ್ಕು ಎಂದು ಬರೆದುಕೊಟ್ಟ ಮೇಲೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ? ಇವತ್ತು ನೀರು, ನಾಳೆ ಹೊಂಡವೇ ನಮ್ಮದು ಅಂದರೆ?

ಇದಕ್ಕೆ ನನ್ನ ಹತ್ತಿರ ಒಂದು ಕಾರಣವೂ ಇತ್ತು. ಹಿಂದಿನ ಬೇಸಿಗೆಯಲ್ಲಿ ಸಂಜೆ ತಿರುಗಾಡಲು ಹೋದವಳು ಹೊಂಡದ ದಂಡೆಯ ಮೇಲೆ ನಿಂತು ನೋಡಿದ್ದೆ. ಅವನ ಕುರಿಗಳ ಬೆನ್ನಿಗೆ ಯಾವಾಗಲೂ ಕೆಂಪು ಬಣ್ಣದ ಗುರುತು. ಅವತ್ತು ಕೆಂಪಿನ ನಡುವೆ ನೀಲಿ ಗುರುತಿನವೂ ಇದ್ದವು. ಬೇರೆ ಯಾರದೋ ಕುರಿಗಳನ್ನು ನಮ್ಮ ಹೊಂಡಕ್ಕೆ ತಂದಿದ್ದಾನೆ, ಸುಮ್ಮನೆ ತಂದಿರಲಾರ, ಅದಕ್ಕೆ ಅವರಿಂದ ಏನೋ ಪಡೆಯುತ್ತಿರಬೇಕು ಎಂದು ಲೆಕ್ಕ ಹಾಕಿದೆ. ಅವನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಸಂಶಯದವರಿಗೆ ಕೇಳುವುದೇ ಕಷ್ಟ, ಕೇಳಿದರೆ ಉತ್ತರ ಬಂದುಬಿಡುತ್ತದೆ. ಆ ನೀಲಿ ಬಣ್ಣವನ್ನು ಒಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ.

ಆದ್ದರಿಂದ ಅದೇ ಸಾಲಿನ ಕೊನೆಗೆ ಇನ್ನೊಂದು ತುಂಡು ಕೂಡಿಸಿದೆ: ಆ ಹಕ್ಕು, ಸಬ್ಜೆಕ್ಟ್ ಟು ಭೂಮಿಯ ಮಾಲೀಕರ ಲಿಖಿತ ಅನುಮತಿ, ಪ್ರತಿ ಬೇಸಿಗೆಗೆ ಮುಂಚಿತವಾಗಿ ಪಡೆಯತಕ್ಕದ್ದು. ಕಂಪನಿಯ ಮೇಲೆ ಕುರಿಯವ, ಕುರಿಯವನ ಮೇಲೆ ನಾವು. ಇಂಗ್ಲಿಷಿನಲ್ಲಿ ಅದಕ್ಕಿಂತ ಸರಿಯಾದ ವಾಕ್ಯವನ್ನು ನಾನು ಜೀವನದಲ್ಲಿ ಬರೆದಿಲ್ಲ. ಯಾವ ವಕೀಲನೂ ಅದರಲ್ಲಿ ಬೆರಳು ತೂರಿಸಲಾರ.

ಕರಾರು ಓದುವ ದಿನ ಕುರಿಯವನನ್ನೂ ಕರೆಸಿದ್ದೆವು, ದಾರಿಯ ಮಾತು ಇರುವುದರಿಂದ ಅವನ ಸಹಿಯೂ ಇರಲೆಂದು ಕಂಪನಿಯವನು ಹೇಳಿದ್ದ. ಅವನು ಬಂದು ಕೋಲನ್ನು ಬೇವಿನ ಗಿಡಕ್ಕೆ ಆನಿಸಿ, “ಬಂದೀವ್ರಿ” ಎಂದ. ಪಡಸಾಲೆಯಲ್ಲಿ ಅಣ್ಣ, ಕಂಪನಿಯವನು, ಅವನು, ನಾನು. ಇಂಗ್ಲಿಷ್ ಓದಿ, ಒಂದೊಂದೇ ಸಾಲನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಗೇಟು ಬಿಡುತ್ತಾರೆ ಎಂದಾಗ ಅವನ ಮುಖ ಅರಳಿತು. ಅನುಮತಿಯ ಸಾಲು ಬಂತು. ಅವನು ತಲೆಯ ಮೇಲಿನ ರುಮಾಲನ್ನು ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ.

“ಅಂದ್ರ ಕೇಳಿ ಬರಬೇಕೇನ್ರಿ, ಬಾಯಾರ?”

“ಕೇಳೂದು ಅಂತಲ್ಲ. ಒಂದು ಚೀಟಿ. ನಾನಽ ಬರದ ಕೊಡ್ತೀನಿ. ಕಾಗದಕ್ಕ ಬೇಕಾಗತೈತಿ, ಅಷ್ಟ.”

“ವರ್ಷಾ ಕೇಳಬೇಕ್ರಿ?”

“ವರ್ಷಾ.”

ಅವನು ಅಣ್ಣನ ಕಡೆ ನೋಡಿದ. ಅಣ್ಣ ತನ್ನ ಕೈಯನ್ನು ನೋಡಿಕೊಳ್ಳುತ್ತಿದ್ದ. “ಹೂಂ ರಿ” ಎಂದು ಅವನು ಪೆನ್ನು ತೆಗೆದುಕೊಂಡ. ನಾಲ್ಕನೇ ಇಯತ್ತೆವರೆಗೆ ಮರಾಠಿ ಸಾಲಿಯಲ್ಲಿ ಕಲಿತವನು, ಮಾತೆಲ್ಲ ಕನ್ನಡವಾದರೂ ಸಹಿ ಮರಾಠಿ. ಒಂದೊಂದೇ ಅಕ್ಷರವನ್ನು ಬರೆದು, ಮೇಲಿನ ಗೆರೆಯನ್ನು ಕೊನೆಗೆ ಎಳೆದ. ಅವನು ತಡಮಾಡಿ ಸಹಿ ಮಾಡಿದ್ದು ಕೂಡ ನನಗೆ ಸಂಶಯಕ್ಕೆ ಕಾರಣವಾಯಿತು. ಮನಸ್ಸಿನಲ್ಲಿ ಏನೋ ಇಟ್ಟುಕೊಂಡಿದ್ದಾನೆ ಎಂದುಕೊಂಡೆ. ಅವತ್ತು ಮಜ್ಜಿಗೆಯ ತಂಬಿಗೆ ಅರ್ಧ ಹಾಗೆಯೇ ಉಳಿಯಿತು.

ಎಲ್ಲರೂ ಹೋದ ಮೇಲೆ ಅಣ್ಣ ಹೇಳಿದ: “ತಂಗಿ, ಇಷ್ಟು ವರ್ಷ ಅಂವ ಎಂದರ ಕೇಳ್ಯಾನೇನ? ನಾವರ ಕೇಳಸೇವೇನ?”

“ಅದಕ್ಕಽ ನೀಲಿ ಕುರಿ ಬಂದಾವ” ಎಂದೆ.

“ಯಾವ ನೀಲಿ ಕುರಿ?”

ನಾನು ಹೇಳಿದ್ದನ್ನೆಲ್ಲ ಕೇಳಿ ಅಣ್ಣ ಎದ್ದು ಒಳಗೆ ಹೋದ. ಅವನು ನನ್ನ ಮೇಲೆ ಸಿಟ್ಟಾದಾಗ ಹೀಗೆಯೇ ಮಾಡುತ್ತಾನೆ. ನಾನು ಲೆಕ್ಕಿಸಲಿಲ್ಲ.

ಮಳೆಗಾಲ ಹೋಯಿತು, ಚಳಿ ಹೋಯಿತು. ಮಡ್ಡಿಯ ಮೇಲೆ ಕರಿಗನ್ನಡಿಗಳ ಸಾಲುಗಳು ನಿಂತವು, ಸುತ್ತ ತಂತಿ ಬೇಲಿ ಬಂತು, ಕುರಿದಾರಿಗೆ ಹೇಳಿದ ಹಾಗೆಯೇ ಗೇಟು ಬಿಟ್ಟರು. ಬೇಸಿಗೆ ಬಂತು. ಚೀಟಿಗೆ ಬೇಕಾದ ಕಾಗದ, ಪೆನ್ನು ಕಟ್ಟೆಯ ಮೇಲೆ ತಯಾರಿಟ್ಟುಕೊಂಡಿದ್ದೆ. ಅವನು ಬರಲಿಲ್ಲ. ಒಂದು ವಾರ, ಎರಡು ವಾರ. ಹೊಂಡದಲ್ಲಿ ನೀರು ಹಾಗೆಯೇ ನಿಂತಿತ್ತು, ಬೇವಿನ ಗಿಡಕ್ಕೆ ಯಾರ ಕೋಲೂ ಬರಲಿಲ್ಲ.

ನನ್ನ ತಲೆ ಸುಮ್ಮನಿರುವುದೇ? ಕಂಪನಿಯವರು ಅವನ ಕೈಗೆ ಏನೋ ಕೊಟ್ಟು ಬೇರೆ ಕಡೆ ಕಳಿಸಿರಬೇಕು. ಅಥವಾ ಅಣ್ಣನೇ ನನಗೆ ತಿಳಿಯದಂತೆ ಬೇರೆ ಮಾತು ಮುಗಿಸಿರಬೇಕು. ಅಥವಾ ಅವನಿಗೇ ಬೇರೆ ಚಲೋ ಜಾಗ ಸಿಕ್ಕಿರಬೇಕು, ಇಷ್ಟು ದಿನದ ಋಣವೆಲ್ಲ ಬರೀ ನೀರಿನದು. ವೈನಿಯ ಮುಂದೆ ಇವನ್ನೆಲ್ಲ ಒಂದೊಂದಾಗಿ ಹೇಳಿದೆ. ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಮಡ್ಡಿಗಿ ಹೋಗಿ ನೋಡಿ ಬರ್ರಿ, ಸಿಐಡಿ ಬಾಯಿ” ಎಂದರು.

ಹೋದೆ. ಗೇಟಿನ ಪಕ್ಕದ ಪತ್ರಾಸಿನ, ಅಂದರೆ ತಗಡಿನ, ಕೆಳಗೆ ಕಾವಲುಗಾರ ಕುಳಿತಿದ್ದ. ಪಕ್ಕದ ಊರಿನವನು, ಹೊಸ ಕೆಲಸದ ಹುರುಪು. ನನ್ನನ್ನು ಕಂಡು ಎದ್ದು ನಿಂತ.

“ಮಾಡಗ್ಯಾಳದ ಕುರಿಯವ ಬಂದಿದ್ನೇನಪಾ?”

“ಬಂದಿದ್ದಾ ರಿ. ಹದಿನೈದ ದಿನ ಆತು. ಚೀಟಿ ಕೇಳಿದೆ, ಇಲ್ಲಂದ. ಚೀಟಿ ಇಲ್ಲದ ಬಿಡಬ್ಯಾಡ ಅಂತ ಕಾಗದದಾಗ ಐತೆಲ್ರಿ. ಬಿಡಲಿಲ್ಲ ನಾ.” ಶಾಬಾಸ್‌ಗಿರಿಗಾಗಿ ಕಾಯುವ ಹಾಗೆ ನೋಡಿದ.

“ನನ್ನ ಹೆಸರು ಹೇಳ್ಲಿಲ್ಲಾ? ಬಾಯಾರ ಮನಿಯವ್ರು ಗೊತ್ತ ಅಂತ ಹೇಳ್ಲಿಲ್ಲಾ?”

“ಏನೂ ಹೇಳ್ಲಿಲ್ರಿ. ಬಂದೀವ್ರಿ ಅಂದ, ಅಷ್ಟ. ನಾ ಚೀಟಿ ಅಂದೆ. ಸ್ವಲ್ಪ ಹೊತ್ತ ನಿಂತ. ಮಟಮಟ ಮಧ್ಯಾಹ್ನ ನೋಡ್ರಿ, ಕುರಿ ನೀರು ಕಂಡು ಬೇಲಿಗಿ ಮೂಗ ಹಚ್ಚಿದ್ವು. ಹೊಡಕೊಂಡ ಹೊಂಟ ಹ್ವಾದ.”

ನಾನು ಅಲ್ಲಿಯೇ ಕಲ್ಲಿನ ಮೇಲೆ ಕುಳಿತೆ. ಬೇಲಿಯ ಕೆಳಗಿನ ತಂತಿಯಲ್ಲಿ ಇನ್ನೂ ಒಂದೆರಡು ಕಂದು ಕೂದಲು ಸಿಕ್ಕಿಕೊಂಡಿದ್ದವು. ಅಲ್ಲಿಂದಲೇ ಕಂಪನಿಯವನಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲ ಕೇಳಿಸಿಕೊಂಡು ನಿಧಾನವಾಗಿ, “ಮ್ಯಾಡಮ್, ಆ ಕಲಂ ನಿಮ್ಮದು. ನಾವು ಬರದಂಗ ನಡದೀವಿ. ಬ್ಯಾಡಂದ್ರ ನೀವು ಅಣ್ಣಾವ್ರು ಕೂಡಿ ಒಂದು ಪತ್ರ ಕೊಡ್ರಿ, ಇವತ್ತಽ ತಗೀತೀವಿ” ಎಂದ. ಅವನಲ್ಲಿ ಹುಡುಕಿದ ಮೋಸ ಕೊನೆಗೂ ಸಿಗಲಿಲ್ಲ. ನನಗೆ ಸಿಟ್ಟು ಬಂತು, ನಾಚಿಕೆಯೂ ಬಂತು. ಯಾವುದು ಮೊದಲು ಎಂದು ಈಗ ಹೇಳಲಾರೆ.

ಅದೇ ದಿನ ಅಣ್ಣನೂ ನಾನೂ ಪತ್ರ ಕೊಟ್ಟೆವು. ಅನುಮತಿಯ ಮಾತನ್ನು ತೆಗೆಸಿದೆವು. ಆ ಪತ್ರದ ಒಂದು ಪ್ರತಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಮರುದಿನ ಬೆಳಿಗ್ಗೆ ನಾನು ಮಾಡಗ್ಯಾಳದ ಬಸ್ಸು ಹತ್ತಿದೆ. ಇಷ್ಟು ವರ್ಷ ಅವನು ನಮ್ಮ ಮನೆಗೆ ಬಂದಿದ್ದನೇ ಹೊರತು ನಾನು ಅವನ ಮನೆಯನ್ನು ನೋಡಿರಲಿಲ್ಲ. ಕೇಳುತ್ತ ಕೇಳುತ್ತ ಹೋದೆ.

ಊರ ಹೊರಗೆ ಪತ್ರಾಸಿನ ಮನೆ. ಪಕ್ಕದಲ್ಲಿ ಮುಳ್ಳಿನ ಬೇಲಿಯ ಹಟ್ಟಿ. ಹಟ್ಟಿಯೊಳಗೆ ಕೆಂಪು ಗುರುತಿನ ಕುರಿಗಳು, ಅವುಗಳ ನಡುವೆ ನೀಲಿಯವು. ಗಿಡದ ನೆರಳಿನಲ್ಲಿ ವಯಸ್ಸಾದ ಒಬ್ಬ ಹೆಣ್ಣುಮಗಳು ಮರಿಗೆ ಸೊಪ್ಪು ತಿನ್ನಿಸುತ್ತಿದ್ದಳು. ನಾನು ಯಾರೆಂದು ಹೇಳಿದೆ. ಆಕೆ ಸೆರಗು ಸರಿಮಾಡಿಕೊಂಡು, “ಹೊಂಡದ ಬಾಯಾರೇನ್ರಿ? ಕುಂದ್ರಿ, ಕುಂದ್ರಿ” ಎಂದು ಕಂಬಳಿ ಹಾಸಿದಳು. ಕುರಿಯವನ ಅಕ್ಕ. ನಾನು ಕೇಳದಿದ್ದರೂ ತಾನೇ ಹೇಳಿದಳು. ಎರಡು ವರ್ಷದ ಹಿಂದೆ ಆಕೆಯ ಗಂಡ ಕಾಲು ಮುರಿದುಕೊಂಡು ಮಲಗಿದ. ಕುರಿ ಕಾಯುವವರು ಇರಲಿಲ್ಲ. ತಮ್ಮ ಬಂದು ಅಕ್ಕನ ಕುರಿಗಳನ್ನೂ ತನ್ನ ಹಿಂಡಿಗೆ ಸೇರಿಸಿಕೊಂಡ. “ನೀಲಿ ನಮ್ಮವ್ರಿ. ನಿಮ್ಮ ಹೊಂಡದ ನೀರ ಕುಡದಽ ಉಳದಾವ್ರಿ ಅವು” ಎಂದಳು.

ಆಕೆ ಮರಿಯ ಬೆನ್ನು ಸವರುತ್ತ, “ಈ ಸಲ ಭಾಳ ತ್ರಾಸ ಆತ್ರಿ. ತಿರಗಿ ಬರೂ ಮುಂದ ದಾರ್‍ಯಾಗ ಎರಡ ಮರಿ ಹ್ವಾದುವು. ಅವುಗಳವ್ವ ಇದಽ ನೋಡ್ರಿ, ಇನ್ನಾ ಒದರತೈತಿ” ಎಂದು ಹಟ್ಟಿಯ ಮೂಲೆಯ ಒಂದು ನೀಲಿ ಗುರುತಿನ ಕುರಿಯನ್ನು ತೋರಿಸಿದಳು. ಅದರಲ್ಲಿ ನನ್ನ ಮೇಲೆ ಕೊಂಕು ಇರಲಿಲ್ಲ. ಆ ಸಾಲನ್ನು ಬರೆದವಳು ನಾನು ಎಂದು ಆಕೆಗೆ ಗೊತ್ತಿರಲಿಲ್ಲ. ತಮ್ಮ ಅಕ್ಕನಿಗೆ ಹೇಳಿರಲಿಲ್ಲ.

ಅಷ್ಟರಲ್ಲಿ ಅವನು ಬಂದ. ನನ್ನನ್ನು ಕಂಡು ರುಮಾಲು ಸರಿಮಾಡಿಕೊಂಡ, ಆರಾಮೇನ್ರಿ ಎಂದ, ಅಣ್ಣ ವೈನಿಯರನ್ನು ವಿಚಾರಿಸಿದ. ಆ ಮುಖದಲ್ಲಿ ಸಿಟ್ಟನ್ನು ಹುಡುಕಿದೆ, ಸಿಕ್ಕಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

“ಆ ಮಾತು ತಗಸೀನಿ” ಎಂದೆ. “ನನ್ನದಽ ತಪ್ಪ. ಇನ್ನ ಯಾರೂ ಚೀಟಿ ಕೇಳಂಗಿಲ್ಲ. ಬರ್ರಿ.” ಬ್ಯಾಗಿನಿಂದ ಪತ್ರ ತೆಗೆದು ಕೊಟ್ಟೆ.

ಅವನು ಎರಡೂ ಕೈಯಿಂದ ತೆಗೆದುಕೊಂಡು, ಬಿಚ್ಚಿ ನೋಡಿ, ಮಡಿಕೆ ಕೆಡದಂತೆ ಮಡಚಿ ನನಗೇ ಕೊಟ್ಟ. “ನಿಮ್ಮ ಹಂತೇಕ ಇರ್ಲ್ರಿ” ಎಂದ. “ಬರೂದು ನೋಡೋಣ್ರಿ. ಈಗ ಅತ್ತ ಸಂಖದ ದಿಕ್ಕಿಗಿ ಹೊಂಟೀವಿ. ದೂರ ಆಗತೈತಿ ಖರೆ. ನೋಡೋಣ್ರಿ.”

ನೋಡೋಣ ಅಂದರೆ ನಮ್ಮ ಕಡೆ ಇಲ್ಲವೆಂದೇ ಅರ್ಥ, ಎಲ್ಲರಿಗೂ ಗೊತ್ತು. ಆ ಮಾತಿಗೆ ಸಂಶಯ ಪಡುವ ಅವಶ್ಯಕತೆಯಿರಲಿಲ್ಲ.

ಒಳಗಿನಿಂದ ಅವನ ಹೆಂಡತಿ ಚಹಾ ಆಗಿದೆ ಎಂದು ಕೂಗಿದಳು. ಅವನು ಮುಂದೆ ನಡೆದ, ನಾನು ಹಿಂದೆ. ಹೊಸ್ತಿಲ ಹತ್ತಿರ ಬಂದಾಗ ನನ್ನ ಕಾಲು ತಾನಾಗಿ ನಿಂತಿತು.

“ಒಳಗ ಬರ್ಲೇನ್ರಿ?” ಎಂದೆ.

ಅವನು ತಿರುಗಿ ನೋಡಿದ. ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ.

“ಇದೇನ್ರಿ ಬಾಯಾರ,” ಎಂದ, “ನೀವು ಕೇಳಿ ಬರೂ ಮನೀ ಏನ್ರಿ ಇದು?”

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.